ಗಂಜಿ ಕುಡಿದರಂತೆ

ಮೊನ್ನೆ ಅರಸೀಕೆರೆಯ ಆಸ್ಪತ್ರೆಯಲ್ಲಿ ಮೊಮ್ಮಗಳಿಗೆ ಸೂಜಿ ಚುಚ್ಚಿಸಿದೆವು. "ನೋಯಲ್ಲ ಕಣವ್ವ" ಎಂದು ಎಲ್ಲರೂ ಹೇಳಿದರು. ಅವಳು ನನ್ನ ಮುಖ ನೋಡಿದಳು. "ನೋಯ್ತದೆ, ಒಂದು ಗಳಿಗೆ" ಎಂದೆ. ಮಗು ತೋಳು ನೀಡಿತು. ಬಂದವಳು ಬೀದಿಗೆಲ್ಲ, "ನಮ್ಮಜ್ಜಿ ಸುಳ್ಳೇಳಕಿಲ್ಲ" ಎಂದು ಸಾರಿದಳು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಈ ಮನೆಯಲ್ಲಿ ನನ್ನ ಮಾತನ್ನು ಒಬ್ಬರು ನಂಬಿದರಲ್ಲ.

ಎಪ್ಪತ್ತನೇ ಇಸವಿಯ ಆಚೀಚೆ, ಹಾರನಹಳ್ಳಿಯಲ್ಲಿ ನಮ್ಮ ಗಂಡಸರು ನಾಟಕ ಕಲಿತರು. ಅದರಲ್ಲಿ ಎಂದೂ ಸುಳ್ಳಾಡದ ಅರಸ ತನ್ನವರನ್ನು ಉಳಿಸಲು, ಗುರುವಿನ ಮಗ ಸತ್ತನೆಂದು ಗುರುವನ್ನು ನಂಬಿಸುತ್ತಾನೆ. ಗುರು ಬಿಲ್ಲು ಕೆಳಗಿಡುತ್ತಾನೆ, ತಲೆ ಹೋಗುತ್ತದೆ. ಗುರುವಿನ ಪಾತ್ರ ನನ್ನ ಗಂಡನದು.

ನಾಟಕದ ದಿನ ಮಧ್ಯಾಹ್ನ ಬಾಣಾವರದಿಂದ ಆಳು ಬಂದ. ಅಲ್ಲಿ ಮೈದುನನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅತ್ತೆ ತೀರಿಕೊಂಡಿದ್ದರು. ಹಿರಿಮಗ ಬಂದು ಕೊಳ್ಳಿ ಇಡಬೇಕು. ಸುದ್ದಿ ಮೊದಲು ಮುಟ್ಟಿದ್ದು ನನಗೆ, ನಾಟಕದ ಮೇಷ್ಟ್ರಿಗೆ.

"ಕಿವಿಗೆ ಬಿದ್ಮೇಲೆ ತಾನೆ ಸೂತಕ" ಎಂದರು ಮೇಷ್ಟ್ರು. "ಬಣ್ಣದ ಪೂಜೆ ಆಗೈತೆ. ಈಗ ಹೇಳಿದ್ರೆ ಅವ್ನೂ ಕೆಡ್ತಾನೆ, ಇಪ್ಪತ್ತು ಜನಾನೂ ಕೆಡ್ತಾರೆ. ಬೆಳಗ್ಗೆ ಹೇಳವ್ವ."

ಆಳನ್ನು ಕಂಡ ಇವರು ಅರ್ಧ ಗಡ್ಡ ಅಂಟಿಸಿಕೊಂಡೇ ಕೇಳಿದರು: "ಅವ್ವ ಹೆಂಗವಳಂತೆ?"

"ಗಂಜಿ ಕುಡಿದ್ರಂತೆ" ಎಂದೆ.

ಅಂದು ಇವರಿಗೆ ಬಿದ್ದಷ್ಟು ಚಪ್ಪಾಳೆ ಯಾರಿಗೂ ಬೀಳಲಿಲ್ಲ. ಬೆಳಗಾದ ಮೇಲೆ ಹೇಳಿದೆ. ಕಿವಿಯ ಹಿಂದೆ ಬಣ್ಣ ಇರುವಂತೆಯೇ ಮೊದಲ ಬಸ್ಸು ಹತ್ತಿದರು. ಮೈದುನ ಸಂಜೆವರೆಗೆ ಕಾದು ತಾನೇ ಕೊಳ್ಳಿ ಇಟ್ಟಿದ್ದ. ಇವರಿಗೆ ಸಿಕ್ಕಿದ್ದು ಬೂದಿ.

ನನ್ನನ್ನು ಹೊಡೆಯಲಿಲ್ಲ. ನಾನು ಏನು ಹೇಳಿದರೂ, ನೆಂಟರ ಎದುರಿಗೇ, "ಗಂಜಿ ಕುಡುದ್ಲಾ?" ಎನ್ನುತ್ತಿದ್ದರು. ಮಗುವಿಗೆ ಜ್ವರ ಎಂದರೂ ಅದೇ. ತಾವು ಹಣೆ ಮುಟ್ಟಿ ನೋಡಿದ ಮೇಲೇ ಔಷಧಿ. ಎಂಟು ಹತ್ತು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ತಟ್ಟೆ ನೋಡುತ್ತಲೇ ಹೇಳಿದರು: "ಅರೇಹಳ್ಳಿಯಿಂದ ಸುದ್ದಿ ಬಂದಿತ್ತು ಕಣಮ್ಮಿ. ನಿಮ್ಮವ್ವ ಗಂಜಿ ಕುಡುದ್ಲಂತೆ."

ನನ್ನ ಕೈಯ ಸೌಟು ಅಲ್ಲೇ ನಿಂತಿತು. "ಯಾವಾಗ?"

"ಮೊನ್ನೆ" ಎಂದು ಮುದ್ದೆ ಮುರಿದರು. ನಾನು ತವರು ಸೇರುವಾಗ ಅವ್ವನ ಬೂದಿಯೂ ನೀರಿಗೆ ಹೋಗಿತ್ತು.

ಈಗ ಇವರು ಗೋಡೆಯ ಮೇಲೆ ಫೋಟೋ ಆಗಿದ್ದಾರೆ, ಅದೇ ಗಡ್ಡದಲ್ಲಿ. ನಿನ್ನೆ ಮೊಮ್ಮಗಳು ಅದನ್ನು ತೋರಿಸಿ, "ತಾತ ಒಳ್ಳೇರಾ ಅಜ್ಜಿ?" ಎಂದಳು. ಹೌದೆನ್ನಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ನಂಗೆ ಒಳ್ಳೇರಾಗಿರ್ಲಿಲ್ಲ ಕಣವ್ವ. ಮೊದ್ಲು ನಾನೇ ಅವ್ರಿಗೆ ಕೆಟ್ಟದ್ದು ಮಾಡಿದ್ದೆ."

"ಹಂಗಾ" ಎಂದು ನನ್ನ ಮಡಿಲೇರಿ ಕುಳಿತು, ಬೆಲ್ಲ ಕೇಳಿದಳು.