ಕಾರ್ಟರ್ ಎಂದು ಕೂಗಿದರೆ

ಅವತ್ತು ಕೊಲ್ಲಿಯಿಂದ ಬಂದವನೇ ಆಂಬ್ರೋಸ್ ಬೂಟು ಕೂಡ ಕಳಚದೆ ಒಲೆ ಮುಂದೆ ಕೂತ. ನೆಲವೆಲ್ಲ ಕೆಸರು.

“ಈಗ್ತಾನೆ ಒರೆಸಿದೀನಿ. ಕಣ್ಣಿಲ್ವಾ?” ಎಂದಳು ಹೆಂಡತಿ ಹೆಸ್ಟರ್.

“ಮರಳು ನೋಡಿ ನೋಡಿ ಸವೆದೋಯ್ತು, ಹುಡುಗಿ.” ಐವತ್ತು ದಾಟಿದ್ದರೂ ಅವನಿಗೆ ಅವಳು ಹುಡುಗಿಯೇ.

ಅವನ ಕೆಲಸ ಜನರನ್ನು ಕೊಲ್ಲಿ ದಾಟಿಸುವುದು. ಊರೆಲ್ಲ ಅವನನ್ನು ಕಾರ್ಟರ್ ಎಂದೇ ಕರೆಯುತ್ತಿತ್ತು. ಸಮುದ್ರದ ಇಳಿತದಲ್ಲಿ ನೀರು ಸರಿದರೆ ಆಚೆ ದಡದವರೆಗೂ ಬರೀ ಮರಳು, ಗಾಡಿಗಳಿಗೆ ಅದೇ ರಸ್ತೆ. ನಡುವೆ ಹರಿಯುವ ಹೊಳೆಗೆ ಮಾತ್ರ ನೆಲೆಯಿಲ್ಲ. ನಿನ್ನೆ ಗಟ್ಟಿಯಿದ್ದ ಜಾಗ ಇವತ್ತು ಕುದುರೆಯನ್ನೇ ನುಂಗುತ್ತದೆ. ಆಂಬ್ರೋಸ್ ದಿನಾ ಬೆಳಿಗ್ಗೆ ಕೋಲಿನಿಂದ ಚುಚ್ಚಿ ನೋಡಿ, ಗಟ್ಟಿ ನೆಲದುದ್ದಕ್ಕೂ ದಾರಿ ಗುರುತಿಗೆ ಲಾರೆಲ್ ಗಿಡದ ಕೊಂಬೆ ನೆಡುತ್ತಿದ್ದ. ದಾರಿ ಬದಲಾದರೆ ಹಳೇ ಕೊಂಬೆ ಕೀಳಬೇಕು. ಲಾರೆಲ್ ಎಲೆ ಬೇಗ ಬಾಡುವುದಿಲ್ಲ. ಅದೇ ಅದರ ಗುಣ, ಅದೇ ಅದರ ಕೇಡು.

ಸಂಜೆ ಸೀಗಡಿ ಹಿಡಿಯುವ ಸೈಲಸ್ ಬೆನ್ಸನ್ ಬಂದ. ಆಂಬ್ರೋಸ್ ನಗುತ್ತಾ ಹೇಳಿದ: “ಇವತ್ತೊಬ್ಬ ದೊರೆ ಕೇಳ್ದ, ‘ಕಾರ್ಟರ್ ಅಂದ್ರೆ ಗಾಡಿ ಹೊಡೆಯೋನು. ನಿನ್ನ ಗಾಡಿ ಎಲ್ಲಯ್ಯಾ?’ ಅಂತ.”

“ನೀನೇನಂದೆ?”

“ಬೇರೆ ಕಡೆ ಹೊಡೆಯೋನು, ಇಲ್ಲಿ ದಾಟಿಸೋನು ಅಂದೆ. ಇದು ಹುಟ್ಟಿದ ಹೆಸರಲ್ಲ ಕಣಯ್ಯಾ, ಕೆಲಸದ ಹೆಸರು. ನಮ್ಮ ಮುತ್ತಜ್ಜ ಹುಟ್ಟಿದ್ದು ಡಾಸನ್ ಆಗಿ. ಆಗಿದ್ದ ಕಾರ್ಟರ್ ಮುಳುಗಿ ಸತ್ತ. ಅವನ ಹೆಂಡ್ತಿ ಕೋಲು ತಂದು ಇವನ ಕೈಗೆ ಕೊಟ್ಳು. ಮಾರನೇ ದಿನದಿಂದ ಊರೆಲ್ಲ ಇವನನ್ನೇ ಕಾರ್ಟರ್ ಅಂತು. ಮಕ್ಕಳಿಗೆ ಡಾಸನ್ ಅನ್ನೋದೇ ಮರೆತೋಯ್ತು.”

“ಆ ಹೆಂಗಸು ಏನಾದ್ಳು?” ಹೆಸ್ಟರ್ ಕೇಳಿದಳು.

“ಯಾರಿಗ್ಗೊತ್ತು?” ಎಂದು ಅವನು ಸೀಗಡಿ ಬಾಯಿಗೆ ಹಾಕಿಕೊಂಡ.

ರಾತ್ರಿ ಹೊಳೆ ತಿರುಗಿತು. ಬೆಳಿಗ್ಗೆ ಆಂಬ್ರೋಸ್ ಹಳೇ ಕೊಂಬೆ ಕೀಳಲು ಹೋದ. ಅಷ್ಟರಲ್ಲಿ ಆಚೆ ದಡದಿಂದ ಒಂದು ಗಾಡಿ, ಅವನಿಗೆ ಕಾಯದೆ, ಹಸಿರೆಲೆ ನಂಬಿ ಹಳೇ ದಾರಿಗೆ ಇಳಿದಿತ್ತು. ಇವನು ಕೂಗುತ್ತಾ ಓಡಿದ. ಹೂತು ಹೋಗುತ್ತಿದ್ದ ಗಾಡಿಯಲ್ಲಿದ್ದವರನ್ನೆಲ್ಲ ಹೊರಗೆ ಎಳೆದು ಹಾಕಿದ. ಅವನು ಮೇಲೆ ಬರಲಿಲ್ಲ. ಹೆಣ ಆಮೇಲೆ ಸಿಕ್ಕಿತು. ಕೋಲು ಮೊದಲೇ ದಡಕ್ಕೆ ಬಂದಿತ್ತು.

ಹೆಸ್ಟರ್ ಆ ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಹಚ್ಚುವಳು, ರೊಟ್ಟಿ ಹಾಕದೆ ಹೊರಗೆ ಹೋಗುವಳು. ದಡಕ್ಕೆ ಹೋದವಳು ಅಲ್ಲೂ ನಿಲ್ಲದೆ ಬರುವಳು. ಮಕ್ಕಳಿರಲಿಲ್ಲ. ಊರ ಹಿರಿಯರು ದಾಟಿಸುವ ಕೆಲಸ ಸೈಲಸನಿಗೆ ಕೊಟ್ಟರು.

ರೊಟ್ಟಿ ಅಂಗಡಿಯವಳು ಕೇಳಿದಳು: “ಹೊಸ ಕಾರ್ಟರ್‌ಗೆ ಕೋಲು ಕೊಡ್ಲಿಲ್ವಂತೆ, ಯಾಕಮ್ಮಾ?”

“ಕಾರ್ಟರ್ ಸತ್ತ. ಬೆನ್ಸನ್‌ಗೆ ಬೇಕಾದ್ರೆ ಪೊರಕೆ ಹಿಡಿ ಇದೆ, ಕೊಡ್ತೀನಿ.”

ಕೋಲು ಹೋದರೆ ಹೆಸರೂ ಹೋಗುತ್ತದೆ. ಹೆಸರು ಹೋದರೆ ಅವನು ಇದ್ದ ಅನ್ನುವುದಕ್ಕೆ ಗುರುತೇನು? ಸೈಲಸ್ ಬಂದ, ಬಾಗಿಲಲ್ಲಿ ಟೋಪಿ ತಿರುಗಿಸುತ್ತಾ ನಿಂತ, ಕೇಳದೆ ಹೋದ. ದೋಣಿಯ ಮುರಿದ ಹುಟ್ಟಿನ ಹಿಡಿಯಲ್ಲಿ ಮರಳು ಚುಚ್ಚುತ್ತಿದ್ದ. ಅದು ಗಿಡ್ಡ, ಆಳ ಹೇಳುವುದಿಲ್ಲ ಎಂದು ಹೆಸ್ಟರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ದಡದಿಂದ ಕೂಗು ಬಂತು. “ಕಾರ್ಟರ್! ಓ ಕಾರ್ಟರ್!”

ಅವಳು ದಡಕ್ಕನೆ ಎದ್ದಳು. ಒಳಗಿಂದ “ಬಂದೆ” ಎನ್ನುವ ದನಿ ಕೇಳೀತೆಂದು ಕಿವಿಗೊಟ್ಟಳು. ಬರಲಿಲ್ಲ. ಬಾಗಿಲು ತೆಗೆದು ನೋಡಿದಳು. ಸೈಲಸ್ ಮನೆ ಮುಂದಿನ ಕಲ್ಲುಗೋಡೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಕರೀತಿದಾರೆ. ಕಿವಿ ಹೋಯ್ತಾ ನಿಂಗೆ?”

“ನನ್ನಲ್ಲಮ್ಮಾ ಕರೀತಿರೋದು.”

“ಮತ್ಯಾರನ್ನ? ಮಣ್ಣಲ್ಲಿರೋನ್ನಾ?”

“ಆ ಹೆಸರಿಗೆ ಓ ಅನ್ನೋಕೆ ನಾಲಿಗೆ ಏಳಲ್ಲ. ನೀವಿದೀರಲ್ಲ ಇಲ್ಲಿ.”

ಕೆಳಗೆ ಗಾಡಿಯವನಿಗೆ ಕಾದು ಸಾಕಾಗಿತ್ತು. ದೂರದಲ್ಲಿ ನಿನ್ನೆಯ ಕೊಂಬೆಗಳು ಹಸಿರಾಗೇ ನಿಂತಿದ್ದವು. ಅವನು ಕುದುರೆಯನ್ನು ಅತ್ತ ತಿರುಗಿಸಿದ. ಚಕ್ರ ಮರಳಿಗೆ ಇಳಿಯಿತು. ಗಾಡಿಯ ಹಿಂದೆ ಒಬ್ಬ ಹೆಂಗಸು ಕೂಸು ಕಟ್ಟಿಕೊಂಡು ಕೂತಿದ್ದಳು.

ಹೆಸ್ಟರ್ ಒಳಗೆ ಹೋಗಿ ಕೋಲು ತಂದಳು. ಸೈಲಸನ ಎದೆಗೆ ಒತ್ತಿದಳು.

“ಹಿಡಿ. ಓ ಅನ್ನು.”

“ಅಮ್ಮಾ...”

“ಓ ಅನ್ನೋ ಮುಟ್ಠಾಳ! ಕಾರ್ಟರ್ ನೀನೇ!”

ಅವನು ಓ ಎಂದು ಕೂಗಿದ. ಗಾಡಿ ನಿಂತಿತು. ಕೋಲು ಹಿಡಿದು ಇಳಿಜಾರಿನಲ್ಲಿ ಓಡಿದ. ಅವಳು ಬಾಗಿಲಿಗೆ ಒರಗಿ ನೋಡಿದಳು. ಹಿಂದೆ ಮುತ್ತಜ್ಜನಿಗೆ ಕೋಲು ಕೊಟ್ಟ ಆ ಹೆಂಗಸೂ ಹೀಗೇ ನಿಂತು ನೋಡಿರಬೇಕು. ಅವಳ ಹೆಸರು ಯಾರಿಗೂ ಗೊತ್ತಿಲ್ಲ.

ಲಾರೆಲ್ ಬೇಲಿ ಇರುವುದು ಹೆಸ್ಟರಳ ಹಿತ್ತಲಲ್ಲಿ. ಸೈಲಸ್ ಕತ್ತರಿಸಲು ಬಂದ ಮೊದಲ ದಿನ ಚಿಗುರನ್ನೇ ಕಡಿದ. ಅವಳು ಬೈದು ಕತ್ತಿ ಕಸಿದುಕೊಂಡಳು. ಈಗಲೂ ನಿದ್ದೆ ಸರಿಯಾಗಿ ಹತ್ತುವುದಿಲ್ಲ, ಬೆಳಕಾಗುವ ಮೊದಲೇ ಎದ್ದುಬಿಡುತ್ತಾಳೆ. ಬಲಿತ ಕೊಂಬೆ ಆರಿಸಿ ಕಡಿಯುತ್ತಾಳೆ, ಕೆಳಗಿನ ಎಲೆ ಸವರುತ್ತಾಳೆ, ಬುಡ ಚೂಪು ಮಾಡಿ ಹುರಿಯಿಂದ ಕಟ್ಟಿ ಕಾರ್ಟರ್‌ಗೆಂದು ಕಲ್ಲುಗೋಡೆಯ ಮೇಲೆ ಇಡುತ್ತಾಳೆ.