ಕೊನೆಯ ಸೂಜಿ ಕಿತ್ತವಳು

ಹೋದ ವಾರ ರಾಯದುರ್ಗದ ಬಸ್ಸಿನಲ್ಲಿ ಯಾರೋ ಹೊಸ ಜೀನ್ಸ್ ಪ್ಯಾಂಟುಗಳ ಗಂಟೊಂದನ್ನು ನನ್ನ ಕಾಲ ಬಳಿ ಇಟ್ಟರು. ಆ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು.

ಆಗಿನ್ನೂ ಹುಡುಗಿ ನಾನು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಹೊಲಿದು ಬಂದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದೆವು. ಕೈಗೆ ಕತ್ತರಿ, ಬಾಯಿಗೆ ಕತೆ. ಅವಳ ಒಂದು ಕತೆಯಲ್ಲಿ ಮೈತುಂಬ ಸೂಜಿ ಚುಚ್ಚಿಸಿಕೊಂಡು ಸತ್ತಂತೆ ಮಲಗಿದ ರಾಜಕುಮಾರನಿದ್ದ. ರಾಜಕುಮಾರಿ ವರ್ಷಗಟ್ಟಲೆ ಕೂತು ಒಂದೊಂದೇ ಸೂಜಿ ಕೀಳುತ್ತಾಳೆ. ರೆಪ್ಪೆಯ ಮೇಲಿನ ಕೊನೆಯದು ಉಳಿದಾಗ ಸ್ನಾನಕ್ಕೆ ಹೋಗುತ್ತಾಳೆ. ಅಷ್ಟರಲ್ಲಿ ಅವಳ ದಾಸಿ ಅದನ್ನು ಕಿತ್ತು, ಬದುಕಿಸಿದವಳು ತಾನೇ ಎಂದು ಹೇಳಿ ರಾಣಿಯಾಗುತ್ತಾಳೆ.

“ನಂಬಿದಾಕಿ ಕುತ್ತಿಗಿ ಕೊಯ್ದ್ಲು ನೋಡು,” ಎಂದು ಅಕ್ಕ ಪ್ರತಿ ಸಲ ದಾಸಿಯನ್ನು ಬಯ್ಯುತ್ತಿದ್ದಳು.

ನನಗೋ ದಾಸಿಯ ಮೇಲೇ ಕನಿಕರ. ನಮ್ಮ ಓಣಿಯ ಶಾಲೆಯವರು ಮಕ್ಕಳಿಗೆ ಕತೆ ಹೇಳಲು ಕರೆದಾಗ ಆ ಕತೆಯನ್ನೇ ಆರಿಸಿಕೊಂಡೆ, ದಾಸಿಯ ಕಡೆಯಿಂದ ಹೇಳಲು. ಚೆನ್ನಾಗಿ ಹೇಳಿದರೆ ಪ್ರತಿ ಶನಿವಾರದ ಕೆಲಸ ನನ್ನದಾಗುತ್ತಿತ್ತು. ಆ ಕಟ್ಟೆಯಿಂದ ಎದ್ದು ಹೋಗಲು ನನಗಿದ್ದದ್ದು ಅದೊಂದೇ ದಾರಿ. ಅಷ್ಟು ವರ್ಷ ರಾಜಕುಮಾರಿಗೆ ನೀರು ಹೊತ್ತವಳು, ದೀಪಕ್ಕೆ ಎಣ್ಣೆ ಹಾಕಿದವಳು, ತನ್ನನ್ನೂ ಒಮ್ಮೆ ಯಾರಾದರೂ ಕಣ್ಣುಬಿಟ್ಟು ನೋಡಲಿ ಎಂದು ಅವಳಿಗೂ ಅನಿಸಿರಬಾರದೇ... ಹೀಗೆ ಕಟ್ಟಿದ ಮಾತನ್ನೆಲ್ಲ ಅಕ್ಕನ ಮುಂದೆ ಹೇಳಿ ನೋಡುತ್ತಿದ್ದೆ.

“ದಾಸಿ ಕತಿ ಯಾರ್ ಕೇಳ್ತಾರವ್ವ,” ಎಂದು ನಗುತ್ತಿದ್ದಳು. ಕಿವಿ ಮಾತ್ರ ಇತ್ತಲೇ ಇರುತ್ತಿತ್ತು.

ಶಾಲೆಯಲ್ಲಿ ಕತೆ ಹೇಳಬೇಕಿದ್ದ ಹಿಂದಿನ ದಿನ ಅಕ್ಕನ ಮಿಷನ್ ಮೇಲೆ ಹೊಲಿಯುವಾಗ ಸೂಜಿ ನನ್ನ ಬೆರಳಿಗೆ ಇಳಿದು ಒಳಗೇ ಮುರಿಯಿತು. ಅಪ್ಪನೊಂದಿಗೆ ಬಳ್ಳಾರಿಯ ಆಸ್ಪತ್ರೆಗೆ ಹೊರಟೆ.

“ನೀ ಹೋಗಿ ಬಾ. ಇನ್ನೊಂದ್ ದಿನ ಕರೀರಿ ಅಂತ ಸಾಲ್ಯಾಗ ನಾ ಹೇಳ್ತೀನಿ,” ಎಂದಳು ಅಕ್ಕ. ನಂಬಿದೆ.

ಮರುದಿನ ಸಂಜೆ ಬ್ಯಾಂಡೇಜು ಕಟ್ಟಿಸಿಕೊಂಡು ಬಂದರೆ, ಓಣಿಯ ಮಕ್ಕಳು ದಾಸಿಗೆಂದು ನಾನು ಕಟ್ಟಿದ ಮಾತುಗಳನ್ನೇ ಹೇಳಿಕೊಂಡು ಕುಣಿಯುತ್ತಿದ್ದವು. ಶಾಲೆಯಲ್ಲಿ ಕತೆ ಹೇಳಿದ್ದು ಅಕ್ಕ. ಶನಿವಾರದ ಕೆಲಸವೂ ಅವಳಿಗೇ ಸಿಕ್ಕಿತ್ತು.

“ಯಾಕಕ್ಕ?” ಎಂದೆ.

ಅವಳು ಕತ್ತರಿಯಿಂದ ಕಣ್ಣೆತ್ತಲಿಲ್ಲ. “ಕತಿ ಮೊದ್ಲಿಂದ ನಂದಾ ಅಲ್ಲೇನು?”

ಕತೆ ಅವಳದೇ, ನಿಜ. ದಾಸಿ ನನ್ನವಳಾಗಿದ್ದಳು. ಆಮೇಲೆ ನಾನು ಆ ಕಟ್ಟೆ ಹತ್ತಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳಂತೆ. ಮಣ್ಣಿಗೂ ನಾನು ಹೋಗಲಿಲ್ಲ. ಬಸ್ಸಿನಲ್ಲಿ ಆ ಘಾಟಿನ ನಡುವೆ ಕೂತು, ಈಗಲಾದರೂ ಅವಳನ್ನು ಮನಸಾರೆ ಬಯ್ಯೋಣ ಎಂದುಕೊಂಡೆ. ನಾಲಿಗೆಗೆ ಬಂದದ್ದು ಮಾತ್ರ ಅಂದು ನಾನೇ ಕಟ್ಟಿದ್ದು... ನೀರು ಹೊತ್ತವಳು, ಎಣ್ಣೆ ಹಾಕಿದವಳು, ಅವಳಿಗೂ ಅನಿಸಿರಬಾರದೇ. ಬಯ್ಯಲು ನನಗೊಂದು ಮಾತನ್ನೂ ಅವಳು ಉಳಿಸಿ ಹೋಗಿಲ್ಲ.