ಅಂಗನವಾಡಿಯ ಪಾಯದಡಿ ಕಸದ ಗುಂಡಿ

ಮೈಸೂರು ಮೈನ್ಸ್ ಎಂಬ ಹಳೆಯ ಚಿನ್ನದ ಗಣಿಯ ಹತ್ತಿರ ಅಂಗನವಾಡಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಒಬ್ಬ ಕಂಟ್ರಾಕ್ಟರರ ಬಳಿ ಎಂಜಿನಿಯರಾಗಿ ಸೇರಿ ಎರಡು ವರ್ಷವಾಗಿತ್ತು. ಬಂಗಾರಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಯಾವ ವಾರ ಪಾಯ, ಯಾವ ವಾರ ಗೋಡೆ, ಯಾವ ವಾರ ತಾರಸಿ ಎಂದು ಮುಂಚೆಯೇ ಪಟ್ಟಿ ಬರೆದುಕೊಡುವುದು ನನ್ನ ಕೆಲಸ.

ಜಾಗ ಅಳೆಯಲು ಹೋದ ದಿನ, ಅಲ್ಲೇ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಕೂಲಿಯಾಕೆಯೊಬ್ಬರು ಟೇಪಿನ ತುದಿ ಹಿಡಿದಿದ್ದರು.

“ಇದು ಗಟ್ಟಿ ನೆಲ ಅಲ್ಲ ಕಣಮ್ಮ. ನಾವು ಚಿಕ್ಕೋರಿದ್ದಾಗ ಇಲ್ಲಿ ದೊಡ್ಡ ಗುಂಡಿ ಇತ್ತು. ಲೈನ್ ಮನೆ ಕಸ ಎಲ್ಲಾ ಇಲ್ಲೇ ಸುರೀತಿದ್ರು. ಆಮೇಲೆ ಮಣ್ಣು ಆಕಿ ಮುಚ್ಚುದ್ರು.”

“ಎಷ್ಟು ಆಳ ಇತ್ತು?”

“ಅದ್ಯಾರಿಗೆ ಗೊತ್ತು. ನಮ್ಮಪ್ಪ ಇಳಿದ್ರೆ ತಲೆ ಕಾಣ್ತಿರಲಿಲ್ಲ.”

ಪಟ್ಟಿಯ ಮೊದಲಿಗೆ ಎರಡು ವಾರ ಖಾಲಿ ಬಿಟ್ಟೆ. ನಾಲ್ಕು ಕಡೆ ಅಗೆದು ನೋಡಿ, ಒಳಗೆ ಏನಿದೆಯೋ ತಿಳಿದ ಮೇಲೆ ಉಳಿದ ದಿನಗಳನ್ನು ಹೊಂದಿಸೋಣ ಎಂದು ನಮ್ಮ ಕಂಟ್ರಾಕ್ಟರರ ಮ್ಯಾನೇಜರಿಗೆ ಹೇಳಿದೆ. ಅವರು ಟೀ ಹೀರುತ್ತಲೇ ಆ ಎರಡು ವಾರದ ಮೇಲೆ ಕೆಂಪು ಗೀಟು ಎಳೆದರು.

“ನೆಲ ಹೇಗಿದೆಯೋ ಗೊತ್ತಿಲ್ಲ ಅಂತ ಬರೆದುಕೊಟ್ಟರೆ ನಮಗೆ ಯಾರಮ್ಮ ಕೆಲಸ ಕೊಡ್ತಾರೆ? ಗೊತ್ತಿದೆ ಅಂತಲೇ ಬರಿ.”

ಬರೆದೆ.

ಪಾಯ ತೋಡಿದ ಮೂರನೆಯ ದಿನ ಕೆಮ್ಮಣ್ಣು ಮುಗಿದು ಕಪ್ಪು ಕೊಳೆ ಸಿಕ್ಕಿತು. ಚಿಂದಿ ಬಟ್ಟೆ, ಮೂಳೆ, ಗಾಜಿನ ಚೂರು, ಬೂದಿ. ನಡುವೆ ಎಣ್ಣೆಯಂತೆ ಹೊಳೆಯುವ ನೀರು. ನಾತ ತಡೆಯಲಾಗದೆ ಮೇಲೆ ಬಂದು ಮ್ಯಾನೇಜರಿಗೆ ಫೋನು ಮಾಡಿದೆ. ಅವರು ಬಂದು ಮೂಗಿಗೆ ಕರ್ಚೀಫು ಒತ್ತಿಕೊಂಡು ಇಣುಕಿದರು. “ಕಲ್ಲು ತುಂಬಿ ಮೇಲೆ ಕಾಂಕ್ರೀಟು ಸುರಿಸು. ಮುಚ್ಚಿದ ಮೇಲೆ ವಾಸನೆ ಎಲ್ಲಿ ಬರುತ್ತೆ?” ಎಂದು ಹೇಳಿ ಕಾರು ಹತ್ತಿದರು. ಬೇಡ ಎನ್ನಬೇಕಿತ್ತು. ಪಟ್ಟಿಯಲ್ಲಿ ಆ ವಾರ ಕಾಂಕ್ರೀಟು ಎಂದಿತ್ತು, ಸುರಿಸಿದೆ.

ಗೋಡೆ ಸೊಂಟದೆತ್ತರ ಬಂದಿತ್ತು. ಎರಡು ದಿನ ಮಳೆ ಹುಯ್ದಿದ್ದಕ್ಕೆ ಮೂಲೆಯ ಕಂಬ ನಾಲ್ಕು ಬೆರಳು ಕುಸಿಯಿತು. ಈ ಸಲ ನಾನು ಜಗ್ಗಲಿಲ್ಲ. ಕಸ ಪೂರ್ತಿ ತೆಗೆಯದೆ ಒಂದು ಇಟ್ಟಿಗೆಯನ್ನೂ ಇಡಿಸುವುದಿಲ್ಲ ಎಂದೆ. ಕಟ್ಟಿದ್ದನ್ನು ಒಡೆದು, ಗಟ್ಟಿ ನೆಲ ಸಿಗುವವರೆಗೆ ಕಸ ಎತ್ತಿಸಿದೆವು. ಎತ್ತಿದವರು ಆ ಕೂಲಿಯಾಕೆ ಮತ್ತು ಅವರ ಜೊತೆಯವರು, ಬರಿಗೈಯಲ್ಲಿ. ಕೈಗವಸು ಕೇಳಿದರೆ ಮ್ಯಾನೇಜರು ನಾಳೆ, ನಾಳೆ ಎನ್ನುತ್ತಲೇ ಇದ್ದರು, ಅಷ್ಟರಲ್ಲಿ ಕಸ ಖಾಲಿಯಾಯಿತು. ಆ ಕೂಲಿಯಾಕೆಯ ಬೆರಳ ಸಂದಿಯಲ್ಲಿ ಹುಣ್ಣೆದ್ದಿತ್ತು. “ಇದು ಓಗುತ್ತೆ ಬುಡಮ್ಮ, ಬೇವಿನೆಣ್ಣೆ ಅಚ್ಚಿದ್ದೀನಿ” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ನಾಲ್ಕು ತಿಂಗಳು ತಡವಾಯಿತು. ಮ್ಯಾನೇಜರು ನನ್ನನ್ನು ಕೂರಿಸಿಕೊಂಡು, ಇಲಾಖೆಗೆ ಕೊಡಲು ಹೊಸ ಪಟ್ಟಿ ಮಾಡಿಸಿದರು. ಗುಂಡಿ, ಕಸ, ಕುಸಿತ ಒಂದೂ ಅದರಲ್ಲಿರಲಿಲ್ಲ. ಕಾರಣದ ಜಾಗದಲ್ಲಿ ‘ವಿಪರೀತ ಮಳೆ’ ಎಂದು ಬರೆಸಿದರು. ಕೆಳಗೆ ಸಹಿ ನನ್ನದು. ಉದ್ಘಾಟನೆಯ ದಿನ ಬಂದ ಗಣ್ಯರು ಮ್ಯಾನೇಜರ ಮುಂದಾಲೋಚನೆಯನ್ನು ಹೊಗಳಿ ಶಾಲು ಹೊದಿಸಿದರು. ಮ್ಯಾನೇಜರು ಕೈಮುಗಿದು ನಕ್ಕರು. ನನಗೆ ಅಲ್ಲಿ ಕೊಟ್ಟ ಕೇಸರಿಬಾತು ಬಾಯಿಗಿಡಲಾಗಲಿಲ್ಲ.

ಮರುತಿಂಗಳು ಕೆಲಸ ಬಿಟ್ಟೆ. ಬಿಡುವ ಮುನ್ನ ಅಂಗನವಾಡಿಯ ಟೀಚರನ್ನು ಕಂಡು, ತಡವಾದದ್ದು ಮಳೆಯಿಂದಲ್ಲ ಎಂದು ಎಲ್ಲವನ್ನೂ ಹೇಳಿದೆ. ಆ ನಾಲ್ಕು ತಿಂಗಳೂ ಅವರು ಮಕ್ಕಳನ್ನು ಸೋರುವ ತಗಡಿನ ಶೆಡ್ಡಿನಲ್ಲಿ ಕೂರಿಸಿಕೊಂಡಿದ್ದವರು.

“ದಿನಾ ಮಳೆಗೆ ಶಾಪ ಹಾಕ್ತಿದ್ದೆ ಮೇಡಂ,” ಎಂದರು. ಆಮೇಲೆ ನನ್ನ ಮುಖ ನೋಡದೆ, ಮಕ್ಕಳಿಗೆ ಊಟ ಬಡಿಸಲು ಒಳಗೆ ಹೋದರು.